ಸೊಲ್ಲು ಹಿಡಿದವರು

ಅಡುಗೆಮನೆಯ ಕಿಟಕಿಯಿಂದ ಒಣಮೀನಿನ ಡಬ್ಬಿಯನ್ನು ಎಬ್ಬಿಸಿದ ದಿನವೇ ಆ ಮನೆಗೆ ಗ್ರಹಚಾರ ಹಿಡಿಯಿತು ಎಂದು ಪದ್ದು ಈಗಲೂ ಹೇಳುತ್ತಾಳೆ. ನಾವುಂದದಲ್ಲಿ ಕಡಲಿಗೆ ಕೂಗಳತೆಯಲ್ಲಿರುವ ಹಂಚಿನ ಮನೆ ಅದು. ಗಾಳಿಯಾಡುವ ಜಾಗ ಎಂದರೆ ಆ ಕಿಟಕಿಯೊಂದೇ. ನಲವತ್ತು ವರ್ಷದಿಂದ ಡಬ್ಬಿ ಅಲ್ಲೇ ಕೂತಿತ್ತು. ಕಳೆದ ವರ್ಷ ಆಷಾಢದಲ್ಲಿ ಮೊಮ್ಮಗಳು ಚಂದನಾ ಅದನ್ನು ಕೆಳಗಿಳಿಸಿ, ಯಾವುದೋ ಕಾಲೇಜಿನವರು ಗುಜರಿಗೆ ಹಾಕಿದ್ದ ಹಳೇ ಕಂಪ್ಯೂಟರನ್ನು ತಂದು ಅಲ್ಲಿ ಪ್ರತಿಷ್ಠಾಪನೆ ಮಾಡಿದಳು. ಹಗಲಿಲ್ಲ ರಾತ್ರಿಯಿಲ್ಲ, ಅದು ಗುಂಯ್ ಎನ್ನುತ್ತಲೇ ಇತ್ತು.

“ಎಂತ ಹೆಣೆ ಇದ್? ಇನ್ನ್ ಒಣಮೀನ್ ಎಲ್ಲಿ ಇಡುದ್, ನನ್ ತಲಿ ಮೇಲಾ?” ಎಂದಳು ಪದ್ದು.

“ಅಮ್ಮಮ್ಮ, ಇದಕ್ಕೆ ಗಾಳಿ ಬೇಕ್. ಊರಿನ ಹಾಡೆಲ್ಲ ಇನ್ನ್ ಇದ್ರೊಳ್ಗೇ, ನನ್ನ್ ಸೈಟಲ್ಲೇ ಇಪ್ಪುದ್. ಯಾವ ಕಂಪನಿಗೂ ಕೊಡುದಲ್ಲ.”

ಚಂದನಾ ಬೈಂದೂರಿನ ಒಂದು ಸಣ್ಣ ಸೆಂಟರಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿದ್ದಳು. ಇಪ್ಪತ್ತಾರು ವರ್ಷದ ಆ ಹುಡುಗಿಗೆ ದೊಡ್ಡ ದೊಡ್ಡ ಕಂಪನಿಗಳ ಮೇಲೆ ಅದೇನು ಸಿಟ್ಟು ಅಂತೀರಿ! ಒಂದು ಭಾನುವಾರ ಮನೆಯವರ ಮೊಬೈಲುಗಳನ್ನೆಲ್ಲ ಚಾಪೆಯ ಮೇಲೆ ಸಾಲಾಗಿ ಇಟ್ಟುಕೊಂಡು, ಹಾಡು ಕೇಳುವ ಆಪು, ಚಿತ್ರ ನೋಡುವ ಆಪು ಎಂದು ಒಂದೊಂದನ್ನೇ ಕಿತ್ತು ಹಾಕಿದಳು. ಅವುಗಳ ಬದಲಿಗೆ, ಯಾರೊಬ್ಬರ ಸೊತ್ತೂ ಅಲ್ಲದ, ದೇಶದೇಶದ ಜನ ಸೇರಿ ಮಾಡಿ ಪುಕ್ಕಟೆ ಬಿಟ್ಟ ತಂತ್ರಾಂಶಗಳನ್ನು ತುಂಬಿದಳು. ಅಪ್ಪ ಪಾಂಡುವಿನ ಲ್ಯಾಪ್‌ಟಾಪನ್ನೂ ಬಿಡಲಿಲ್ಲ. ಪಾಂಡುವಿಗೆ ಮೀನು ಸಾಗಿಸುವ ಎರಡು ಟೆಂಪೊಗಳಿದ್ದವು. ಹೊಸ ಸಿಸ್ಟಮ್ಮಿಗೂ ಹಳೇ ಪ್ರಿಂಟರಿಗೂ ಆಗಿಬರದೆ ಮೂರು ದಿನ ಅವನ ಒಂದು ಬಿಲ್ಲೂ ಹೊರಗೆ ಬರಲಿಲ್ಲ.

“ನಿನ್ ಸ್ವಾತಂತ್ರ್ಯ ಹೋರಾಟಕ್ಕೆ ನನ್ ಟೆಂಪೊವೇ ಸಿಕ್ಕಿದ್ದಾ ಮಾರಾಯ್ತಿ?” ಎಂದು ಪಾಂಡು ಗಂಜಿ ಬಟ್ಟಲಿನ ಮುಂದೆ ಕೂತು ಕೂಗಾಡಿದ.

“ಒಂದ್ ವಾರ ತಡ್ಕಣಿ ಅಪ್ಪಯ್ಯ, ಸರಿ ಮಾಡ್ತೆ.”

“ನಂಗೂ ಅಡ್ಗಿ ವಿಡಿಯೊ ಬತ್ತಿಲ್ಲೆ,” ಎಂದು ಒಲೆಯ ಹತ್ತಿರದಿಂದ ಅವಳ ಅಬ್ಬೆ ಜಲಜ ದನಿಗೂಡಿಸಿದಳು. ಜಲಜ ಪದ್ದುವಿನ ಒಬ್ಬಳೇ ಮಗಳು. ಹೆಣ್ಣುಮಕ್ಕಳಿಗೇ ಮನೆ ಉಳಿಯುವ ಕಟ್ಟಿನವರು ಬೇರೆ; ಅಬ್ಬೆ ಒಂಟಿಯಾಗಬಾರದೆಂದು ಮದುವೆಯಾದ ಮೇಲೂ ಅಬ್ಬೆಯ ಮನೆಯಲ್ಲೇ ಇದ್ದವಳು.

ಚಂದನಾಳ ತಮ್ಮ ಮನೀಷ್ ಮಾತ್ರ ಕಿಸಕ್ಕನೆ ನಕ್ಕ. ಅವನು ಮದುವೆಮನೆಗಳಿಗೆ ಸೌಂಡ್ ಬಾಕ್ಸ್ ಹಾಕುವವನು. “ಅಕ್ಕನ ಸೈಟಲ್ಲಿಪ್ಪ ಹಾಡ್ ಹಾಕ್ರೆ ಮದುಮಗ ಮಂಟಪ ಬಿಟ್ಟ್ ಓಡಿ ಹೋತ.”

ಚಂದನಾ ಸಿಟ್ಟು ಮಾಡಲಿಲ್ಲ. ತಟ್ಟೆಯ ಬಂಗಡೆಯನ್ನು ಬೆರಳಲ್ಲಿ ತೋರಿಸಿ ಅಜ್ಜಿಯ ಕಡೆ ತಿರುಗಿದಳು. “ಅಮ್ಮಮ್ಮ, ನೀನೇ ಹೇಳ್. ನಿನ್ ಮೀನ್ ಒಬ್ಬನ್ ಅಂಗಡೀಲೇ ಇಡ್ಕ್ ಅಂದ್ರೆ ಎಂತ ಆತ್ತ್? ದರ ಹೇಳುದೂ ಅವನೇ, ಯಾರಿಗ್ ತೋರ್ಸುದ್ ಯಾರಿಗ್ ಮುಚ್ಚಿಡುದ್ ಅಂದ್ ಹೇಳುದೂ ಅವನೇ. ಹಾಡಿನ ಕಂಪನಿಯವ್ರ್ ಮಾಡುದ್ ಅದನ್ನೇ.”

ಈ ಮಾತು ಪದ್ದುವಿಗೆ ಸೀದಾ ಒಳಗೆ ಹೋಯಿತು. ಮೂವತ್ತೈದು ವರ್ಷ ಬುಟ್ಟಿ ಹೊತ್ತು ಮನೆಮನೆ ತಿರುಗಿ ಮೀನು ಮಾರಿದವಳು ಅವಳು. ಕಮಿಷನ್ನಿನವರ ಕೈಗೆ ಬುಟ್ಟಿ ಕೊಟ್ಟವರು ಬರಿಗೈಯಲ್ಲಿ ಬಂದದ್ದನ್ನು ಕಣ್ಣಾರೆ ಕಂಡವಳು. “ಹೆಣ್ಣ್ ಹೇಳುದ್ ಖರೆ,” ಎಂದಳು. “ಯಾರೂ ಬಾಯ್ ಹಾಕ್ಬೇಡಿ. ಒಣಮೀನ್ ಅಟ್ಟದ ಮೇಲಿರ್ಲಿ.”

ಅಲ್ಲಿಗೆ ಆ ಮನೆಯಲ್ಲಿ ತೀರ್ಪು ಆದಂತೆ. ಪಾಂಡು ಹೊಸ ಪ್ರಿಂಟರ್ ತಂದ.

ಚಂದನಾ ಕಿಟಕಿಯ ಆ ಪೆಟ್ಟಿಗೆಯಿಂದಲೇ ನಡೆಯುವ ತನ್ನ ವೆಬ್‌ಸೈಟಿಗೆ ‘ನಮ್ಮ ಸೊಲ್ಲು’ ಎಂದು ಹೆಸರಿಟ್ಟಿದ್ದಳು. ಅವಳಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಪದ್ದುವಿನ ಹಾಡು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಅವರ ಪೈಕಿಯಲ್ಲಿ ಯಾರ ಮನೆ ಮದುವೆಯೇ ಇರಲಿ, ಹೆಣ್ಣು ಒಪ್ಪಿಸುವ ಹೊತ್ತಿಗೆ ಪದ್ದು ಬೇಕು. ಎದುರುಮನೆಯ ಬಚ್ಚಿ, ಗದ್ದೆಯಾಚೆಯ ಮುತ್ತು, ಇವಳು, ಮೂವರದ್ದೂ ಒಂದೇ ತಂಡ. ಹಾಡು ಹೇಳುವುದು ಪದ್ದು. ಒಂದೊಂದು ಸಾಲಾದ ಮೇಲೆ ಅವಳು ನಿಲ್ಲುತ್ತಾಳೆ. ಆಗ ಬಚ್ಚಿ, ಮುತ್ತು ಸೊಲ್ಲು ಹಿಡಿದು ಆ ಸಾಲನ್ನು ತಿರುಗಿ ಹೇಳುತ್ತಾರೆ. ಸೊಲ್ಲು ಬರದೆ ಮುಂದಿನ ಸಾಲು ಇಲ್ಲ. ಹೆಣ್ಣಿಗೆ ಹಾಲು ಕುಡಿಸಿದವರು ಯಾರು, ತಲೆ ಬಾಚಿದವರು ಯಾರು ಎಂದು ಹೇಳುತ್ತ ಹೇಳುತ್ತ ಕೊನೆಗೆ ಮದುಮಗಳ ಹೆಸರು ಹಿಡಿದು ಗಂಡಿನ ಕಡೆಯವರ ಕೈಗೆ ಒಪ್ಪಿಸುವಾಗ, ಎಂಥ ಗಟ್ಟಿಗನಾದರೂ ಶಾಲಿನಿಂದ ಕಣ್ಣು ಒರೆಸಿಕೊಳ್ಳಬೇಕು.

ಅದೇ ಆಷಾಢದಲ್ಲಿ ಬೆಂಗಳೂರಿನ ಒಂದು ದೊಡ್ಡ ಹಾಡಿನ ಕಂಪನಿಯವನು ಕಾರು ಮಾಡಿಕೊಂಡು ಪದ್ದುವನ್ನು ಹುಡುಕಿ ಬಂದ. ಹಾಡನ್ನು ತಮಗೆ ಕೊಡಬೇಕಂತೆ. ಚಂದನಾ ಬಾಗಿಲಿಗೆ ಕೈ ಅಡ್ಡ ಇಟ್ಟು ನಿಂತಳು. “ಇದು ಮಾರಾಟಕ್ಕಿಲ್ಲ ಸರ್.” ಪದ್ದು ಅವನಿಗೆ ಮಜ್ಜಿಗೆ ಕೊಟ್ಟು, ಕುಡಿಯುವವರೆಗೆ ಕಾದು, ಲೋಟ ಇಸಿದುಕೊಂಡು ಕಳಿಸಿದಳು. ಆ ದಿನ ಮೊಮ್ಮಗಳನ್ನು ಕಂಡು ಅವಳ ಎದೆ ಉಬ್ಬಿಹೋಗಿತ್ತು.

ಮರುವಾರ ಅಡುಗೆಮನೆಯಲ್ಲೇ ಹಾಡು ಹಿಡಿಯುವ ಕೆಲಸ. ಮೂವರೂ ಮಿಂದು, ಒಳ್ಳೆಯ ಸೀರೆ ಉಟ್ಟು ಚಾಪೆಯ ಮೇಲೆ ಕೂತರು. ಚಂದನಾ ಮೈಕು ಇಟ್ಟು, ಫೋಟೊ ತೆಗೆಯಲು ಮೊಬೈಲು ಹಿಡಿದು, “ಶುರು ಮಾಡಿ” ಎಂದಳು. ಪದ್ದು ಬಾಯಿ ತೆರೆದವಳು ಮುಚ್ಚಿದಳು.

“ಯಾರ್ ಹೆಸರ್ ಹಿಡ್ದ್ ಹೇಳುದ್?”

“ಯಾರದ್ದೂ ಬ್ಯಾಡ ಅಮ್ಮಮ್ಮ. ಮದುಮಗಳು ಅಂದ್ ಹೇಳ್.”

“ಹಾಂಗ್ ಆತಿಲ್ಲೆ. ಹೆಸರಿಲ್ದೆ ಒಪ್ಸುದ್ ಎಂತ, ಮೀನಿನ ಬುಟ್ಟಿಯಾ?”

ಯೋಚನೆ ಮಾಡಿ ಪದ್ದು ತಾನೇ ಹೇಳಿದಳು: “ನಿನ್ನ್ ಹೆಸ್ರೇ ಹಾಕ್ತೆ.”

ಬಚ್ಚಿ ಗಾಬರಿಯಾದಳು. “ಹ್ವಾಯ್ ಪದ್ದು, ಮದಿ ಆಪ್ಪುಕ್ ಮೊದ್ಲೇ ಹೆಸರ್ ಹಾಕುದಾ? ಒಬ್ಳಿಗ್ ಒಂದೇ ಸಲ ಅಲ್ದಾ ಈ ಹಾಡ್?”

ಅದು ಅವರ ಹಾಡಿನ ಕಟ್ಟು. ಒಂದು ಹೆಣ್ಣಿನ ಹೆಸರು ಹಿಡಿದು ಈ ಹಾಡನ್ನು ಒಮ್ಮೆ ಹೇಳಿದರೆ ಮುಗಿಯಿತು. ಮತ್ತೊಮ್ಮೆ ಹೇಳಿದರೆ ಹೆಣ್ಣನ್ನು ಎರಡು ಸಲ ಕೊಟ್ಟಂತೆ ಎಂದು ಲೆಕ್ಕ. ಪದ್ದು ಅದನ್ನೆಲ್ಲ ಬಲ್ಲವಳೇ. ಆದರೂ ಆ ದಿನದ ಖುಷಿಯಲ್ಲಿ ಅವಳಿಗೆ ಯಾವುದೂ ದೊಡ್ಡದಾಗಿ ಕಾಣಲಿಲ್ಲ. “ನಮ್ಮ ಹೆಣ್ಣ್, ನಮ್ಮ ಮನಿ, ನಮ್ಮದೇ ಪೆಟ್ಟ್ಗಿ. ಹೊರ್ಗ್ ಹೋಪುದಲ್ಲ ಅಲ್ದಾ? ಇದ್ ಮದಿ ಅಲ್ಲ, ಬರೀ ಜೋಪಾನ ಮಾಡುದ್. ಮದಿ ದಿನ ನಿಜ್ವಾಗಿ ಹೇಳ್ವ,” ಎಂದಳು. ಹೇಳಿದಳು ನೋಡಿ, ಚಂದನಾಳ ಹೆಸರು ಬಂದಾಗ ಜಲಜ ಸೆರಗಲ್ಲಿ ಮೂಗು ಒರೆಸಿದಳು, ಚಂದನಾಳೂ ಅತ್ತಳು.

ಹಾಡಾದ ಮೇಲೆ ಚಂದನಾ ಒಂದು ಕಾಗದ ತಂದಳು. ಹಾಡಿನ ಹಕ್ಕೆಲ್ಲ ಒಬ್ಬರ ಹೆಸರಲ್ಲಿ ಇದ್ದರೆ ಯಾವ ಕಂಪನಿಯೂ ಕದಿಯಲಾಗದು, ತಾನು ಅದನ್ನು ಯಾರಿಗೂ ಕೊಡುವುದಿಲ್ಲ ಎಂದು ಓದಿ ಹೇಳಿದಳು. ಪದ್ದು, ಮುತ್ತು ಸಹಿ ಹಾಕಿದರು. ಬಚ್ಚಿ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಎಲ್ಲರಿಗೂ ಕಡಬು, ಕೋಳಿಸಾರು.

ದೀಪಾವಳಿ ಕಳೆದ ಮೇಲೆ ಚಂದನಾಳಿಗೆ ಕುಂದಾಪುರದಲ್ಲಿ ಒಳ್ಳೆಯ ಕೆಲಸವಾಯಿತು. ಎಂತ ಆಫೀಸು ಎಂದರೆ “ಕಂಪ್ಯೂಟರ್‌ದೇ” ಎಂದಳು. ಹೊಸ ಲ್ಯಾಪ್‌ಟಾಪ್ ಬಂತು. ಅದರ ಬೆನ್ನಿನ ಮೇಲಿದ್ದ ಗುರುತು, ಒಂದು ಕಾಲಕ್ಕೆ ಅವಳೇ ಎಲ್ಲರ ಮೊಬೈಲಿನಿಂದ ಕಿತ್ತುಹಾಕಿದ್ದ ಗುರುತುಗಳಲ್ಲಿ ಒಂದು ಎಂದು ಮನೀಷ್ ಹೇಳಿದಾಗ, “ಆಫೀಸಿನದ್ದಾ, ನಾನ್ ಎಂತ ಮಾಡುದ್?” ಎಂದು ರೇಗಿದಳು. ಹಂಗಾರಕಟ್ಟೆಯಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುವ ರತ್ನಾಕರನೊಂದಿಗೆ ಸಂಬಂಧವೂ ಕೂಡಿಬಂತು. ಮೇ ತಿಂಗಳಲ್ಲಿ ಮದುವೆ. ಈ ಸಂಭ್ರಮದ ನಡುವೆ ಕಿಟಕಿಯ ಪೆಟ್ಟಿಗೆಯ ಗುಂಯ್ ಶಬ್ದ ಯಾವತ್ತು ನಿಂತಿತೋ ಯಾರೂ ಗಮನಿಸಲಿಲ್ಲ. ಪದ್ದು ಮಾತ್ರ ಒಂದು ದಿನ ಒರೆಸುವಾಗ ಅದು ತಣ್ಣಗಿರುವುದನ್ನು ಕಂಡಳು. “ಹಾಳಾಯ್ದಾ?” ಎಂದು ಕೇಳಿದ್ದಕ್ಕೆ ಚಂದನಾ “ಕಾಂಬ ಅಮ್ಮಮ್ಮ, ಪುರ್ಸೊತ್ತಾದಾಗ” ಎಂದಳು.

ಮಾಘದಲ್ಲಿ ಸಾಲಿಗ್ರಾಮದ ಒಂದು ಕಲ್ಯಾಣಮಂಟಪದಲ್ಲಿ ಚಂದಯ್ಯನ ಮೊಮ್ಮಗಳು ಪ್ರಣೀತಾಳ ಮದುವೆ. ಚಂದಯ್ಯ ಪದ್ದುವಿನ ಹಳೇ ಪರಿಚಯದವನು. ಅವನ ಮನೆಯ ಮೂರು ಮದುವೆಗೆ ಅವಳೇ ಹಾಡು ಹೇಳಿದ್ದಳು. ಈ ಸಲ ಕರೆಯೋಲೆ ಬಂತು, ಹಾಡಿಗೆ ಬನ್ನಿ ಎಂಬ ಮಾತು ಮಾತ್ರ ಬರಲಿಲ್ಲ. ಗಡಿಬಿಡಿಯಲ್ಲಿ ಮರೆತಿರಬೇಕೆಂದು ಮೂವರೂ ಬಸ್ಸು ಹತ್ತಿದರು. ಸೌಂಡ್ ಬಾಕ್ಸ್ ಮನೀಷನದೇ.

ಹೆಣ್ಣು ಒಪ್ಪಿಸುವ ಹೊತ್ತಾಯಿತು. ಪದ್ದು ಎದ್ದು, ಸೆರಗು ಸರಿ ಮಾಡಿಕೊಂಡು, ಬಚ್ಚಿ ಮುತ್ತುವನ್ನು ಕಣ್ಣಲ್ಲೇ ಕರೆದು ಮಂಟಪದ ಕಡೆ ಎರಡು ಹೆಜ್ಜೆ ಇಟ್ಟಿರಬೇಕು. ಅಷ್ಟರಲ್ಲಿ ನಾಲ್ಕೂ ಮೂಲೆಯ ಬಾಕ್ಸುಗಳಿಂದ ಹಾಡು ಕೇಳಿತು. ಪದ್ದುವಿನ ಹಾಡು. ಪದ್ದುವಿನ ದನಿ. ಹಿಂದೆ ಪಿಟೀಲು, ಕೊಳಲು. ಹಾಲು ಕುಡಿಸಿದವರು, ತಲೆ ಬಾಚಿದವರು ಎಲ್ಲ ಬಂದು ಕೊನೆಗೆ ಆ ದನಿ ಸ್ಪಷ್ಟವಾಗಿ “ಪ್ರಣೀತಾ” ಎಂದಿತು.

ಪದ್ದು ಜನ್ಮದಲ್ಲಿ ಆ ಹೆಸರನ್ನು ಹಾಡಿದವಳಲ್ಲ. ನಿಂತಲ್ಲೇ ತುಟಿ ಮುಟ್ಟಿ ನೋಡಿಕೊಂಡಳು.

“ಅಬ್ಬಬ್ಬ, ಎಷ್ಟ್ ಲಾಯ್ಕ್ ಹೇಳಿದ್ರಿ ಪದ್ದಕ್ಕ!” ಎಂದು ಪಕ್ಕದ ಕುರ್ಚಿಯವಳು ಮೊಬೈಲು ತೋರಿಸಿದಳು. “ಕಾಣಿ, ಹೆಣ್ಣಿನ ಹೆಸರ್ ಬರ್ದ್ರೆ ಸಾಕಂಬ್ರ್. ನಿಮ್ಮ ದನೀಲೇ ಹಾಡ್ ಬತ್ತ್. ಇನ್ನ್ ನಿಮ್ಗೆ ಬಸ್ಸ್ ಹತ್ತಿ ಬಪ್ಪು ಕಷ್ಟವೇ ಇಲ್ಲೆ.”

ಆ ದಿನ ಮೂವರೂ ಊಟಕ್ಕೆ ಕೂರದೆ ಹೊರಟರು. ಬಸ್ಸಿನಲ್ಲಿ ಬಚ್ಚಿ ಬೇರೆ ಸೀಟಿನಲ್ಲಿ ಕೂತಳು. ಇಳಿಯುವಾಗ ಒಂದೇ ಮಾತು ಕೇಳಿದಳು: “ಪದ್ದು, ನಿನ್ ದನಿ ಇತ್ತ್. ನನ್ನ್ ಸೊಲ್ಲ್, ಮುತ್ತುನ್ ಸೊಲ್ಲ್ ಎಲ್ಲಿ ಹೋಯ್ತ್?”

ಮನೆಗೆ ಬಂದವಳೇ ಪದ್ದು ಮನೀಷನಿಗಾಗಿ ಕಾದು ಕೂತಳು. ಅವನು ಟೆಂಪೊದಿಂದ ಬಾಕ್ಸು ಇಳಿಸುತ್ತಿದ್ದಂತೆ ಅಂಗಳಕ್ಕೆ ಇಳಿದಳು.

“ನನ್ನ್ ದನಿ ಕಂಪನಿಯವ್ರಿಗೆ ಕೊಟ್ಟದ್ ನೀನಾ?”

“ನಾನ್ ಎಂತಕೆ ಕೊಡ್ಲಿ? ಮದಿಯವ್ರ್ ಹಾಕ್ ಅಂದ್ರ್, ಹಾಕ್ದೆ.”

“ಸುಳ್ಳ್ ಹೇಳ್ಬೇಡ! ಮೊದ್ಲಿಂದ್ಲೂ ನಿಂಗೆ ಅಕ್ಕನ ಕೆಲ್ಸ ಅಂದ್ರೆ ನೆಗಾಡುದೇ. ಆ ಪೆಟ್ಟ್ಗಿಂದ ಕದ್ದ್ ಕೊಟ್ಟಿದ್ದಿ ನೀನ್!”

ಚಂದನಾ ಜಗಲಿಯ ಕಂಬ ಹಿಡಿದು ನಿಂತಿದ್ದಳು. ಮನೀಷ್ ಒಮ್ಮೆ ಅಕ್ಕನ ಮುಖ ನೋಡಿದ. ಅವಳು ಒಳಗೆ ಹೋದಳು. ಅವನು ತಲೆ ತಗ್ಗಿಸಿದ. “ನಾನ್ ಅಲ್ಲ ಅಮ್ಮಮ್ಮ. ಅಷ್ಟೇ ಹೇಳುದ್ ನಾನ್.”

“ನನ್ನ್ ಒಲಿ ಹತ್ರ ಬರ್ಬೇಡ ನೀನ್.”

ಹಾಗೆ ಹೇಳಿದವಳು ಹಾಗೇ ನಡೆದುಕೊಂಡಳು. ಏಳು ವಾರ ಮನೀಷನಿಗೆ ಜಗಲಿಯಲ್ಲೇ ಊಟ. ಮೀನು ಬಡಿಸುವಾಗ ಪದ್ದು ಅವನ ತಟ್ಟೆಗೆ ಬಾಲದ ತುಂಡನ್ನೇ ಹಾಕಿಸುತ್ತಿದ್ದಳು. ಅವನು ತುಟಿ ಪಿಟಕ್ಕೆನ್ನದೆ ತಿಂದು, ತಟ್ಟೆ ತಾನೇ ತೊಳೆದಿಟ್ಟು ಹೋಗುತ್ತಿದ್ದ. ಪಾಂಡು ಒಂದು ದಿನ ತಡೆಯಲಾರದೆ ಬಾಯಿ ಬಿಟ್ಟ. “ಅತ್ತೆ, ಹೈದನ್ ಮೇಲೆ ಇಷ್ಟ್ ಸಿಟ್ಟ್ ಬ್ಯಾಡ. ಪೂರಾ ಗೊತ್ತಿಲ್ದೆ...”

ಜಲಜ ಗಂಡನನ್ನು ಕಣ್ಣಲ್ಲೇ ಗದರಿಸಿದಳು. “ನಿಮ್ಗ್ ಎಂತಕೆ ಅದೆಲ್ಲ? ಉಣ್ಣಿ ಸುಮ್ನೆ.”

ಬಚ್ಚಿ ಎದುರುಮನೆಯಲ್ಲೇ ಇದ್ದರೂ ಈ ಕಡೆ ತಲೆ ಹಾಕಲಿಲ್ಲ. ಮುತ್ತು ದಾರಿಯಲ್ಲಿ ಸಿಕ್ಕರೆ ನೆಲ ನೋಡುತ್ತ ಹೋಗುತ್ತಿದ್ದಳು. ಮಾಘ ಫಾಲ್ಗುಣದಲ್ಲಿ ಎಷ್ಟೊಂದು ಮದುವೆಗಳಾದವು. ಒಬ್ಬರೂ ಹಾಡಿಗೆ ಕರೆಯಲಿಲ್ಲ. ಪದ್ದು ಪಾತ್ರೆ ತೊಳೆಯುವಾಗ ಸಣ್ಣಗೆ ಒಂದು ಸಾಲು ಹೇಳಿ ನಿಲ್ಲುತ್ತಿದ್ದಳು. ಸೊಲ್ಲು ಹಿಡಿಯುವವರು ಇರಲಿಲ್ಲ. ನಲ್ಲಿ ನೀರು ಬೀಳುತ್ತಿತ್ತು.

ಏಪ್ರಿಲ್ ಮೊದಲ ವಾರ ಪದ್ದು ಕಣ್ಣಿನ ಡಾಕ್ಟರರ ಹತ್ತಿರ ಕುಂದಾಪುರಕ್ಕೆ ಹೊರಟಿದ್ದಳು. ಜಲಜ ಮದುವೆಯ ಕಾಗದ ಹಂಚಲು ಹೋಗಬೇಕಿತ್ತು. ಆ ದಿನವೇ ಚಂದನಾ ಊಟದ ಡಬ್ಬಿ ಮರೆತು ಹೋಗಿದ್ದಳು. “ನಾನೇ ಕೊಟ್ಟ್ ಬತ್ತೆ,” ಎಂದಳು ಪದ್ದು.

“ಬ್ಯಾಡ ಅಬ್ಬೆ. ಆಫೀಸಿನ ಒಳ್ಗ್ ಯಾರನ್ನೂ ಬಿಡುದಿಲ್ಲಂಬ್ರ್. ಅದ್ ಹೋಟ್ಲಲ್ಲಿ ತಿಂತ್ ಬಿಡಿ.”

“ನೀರ್‌ದೋಸಿ, ಸಿಗಡಿ ಸುಕ್ಕ ಬಿಟ್ಟ್ ಹೋಟ್ಲಲ್ಲಿ ಎಂತಕೆ ತಿಂಬುದ್? ಬಾಗ್ಲಲ್ಲೇ ಕೊಟ್ಟ್ ಬತ್ತೆ ಮಾರಾಯ್ತಿ.”

ಶಾಸ್ತ್ರಿ ಸರ್ಕಲ್ಲಿನಲ್ಲಿ ಬಸ್ಸಿಳಿದು, ಕೇಳಿಕೊಂಡು ಕೇಳಿಕೊಂಡು ಪದ್ದು ಎರಡು ಮಾಳಿಗೆ ಹತ್ತಿದಳು. ಗಾಜಿನ ಬಾಗಿಲು. ಒಳಗಿನ ಗೋಡೆಯ ಮೇಲೆ ಆಳೆತ್ತರದ ಚಿತ್ರ. ಕಣ್ಣು ಮುಚ್ಚಿ ಹಾಡುತ್ತಿರುವ ಮುದುಕಿ, ಹಿಂದೆ ಅಡುಗೆಮನೆಯ ಕಿಟಕಿ. ಎರಡೂ ಕಡೆಯಿಂದ ಬಚ್ಚಿಯನ್ನೂ ಮುತ್ತುವನ್ನೂ ಕತ್ತರಿಸಿ ತೆಗೆದಿದ್ದರು. ಬಚ್ಚಿಯ ಕೈ ಮಾತ್ರ, ಹಸಿರು ಬಳೆ ಸಮೇತ, ಪದ್ದುವಿನ ಹೆಗಲ ಮೇಲೆ ಉಳಿದುಹೋಗಿತ್ತು.

ಒಳಗಿದ್ದ ಬೆಂಗಳೂರಿನ ಹುಡುಗನೊಬ್ಬ ಓಡಿ ಬಂದು ಕಾಲು ಮುಟ್ಟಿದ. “ಅಯ್ಯೋ, ನಮ್ಮ ಅಜ್ಜಿ! ನೀವೇ ಬಂದ್ರಾ? ಎಷ್ಟು ಮದುವೆಗೆ ಹೋಗ್ತಿದೆ ಗೊತ್ತಾ ನಿಮ್ಮ ದನಿ! ಎಲ್ಲ ಚಂದನಾ ಮೇಡಮ್‌ರಿಂದ. ಅವರು ಹಕ್ಕು ಬರೆದುಕೊಟ್ಟು, ಮುಂದೆ ಕೂತು ದನಿ ಸೆಟ್ ಮಾಡಿಸದಿದ್ರೆ ಈ ಆಪೇ ಇರ್ತಿರಲಿಲ್ಲ. ಅದಕ್ಕೇ ಈ ಬ್ರಾಂಚಿಗೆ ಅವರನ್ನೇ ಹೆಡ್ ಮಾಡಿದ್ದು.”

ಅವನ ಹಿಂದೆ ಚಂದನಾ ಕುರ್ಚಿಯಿಂದ ಎದ್ದು ನಿಂತಿದ್ದಳು. 

ಪದ್ದು ಡಬ್ಬಿಯನ್ನು ಮೇಜಿನ ಮೇಲಿಟ್ಟಳು. “ಸಿಗಡಿ ಇತ್ತ್. ಹಾಳಾಪ್ಪುಕ್ ಮೊದ್ಲೇ ಉಣ್ಣ್,” ಎಂದಳು. ಕಣ್ಣಿನ ಡಾಕ್ಟರರ ಹತ್ತಿರ ಹೋಗಲಿಲ್ಲ.

ಆ ಸಂಜೆ ಮನೆಯಲ್ಲಿ ದೀಪ ಹಚ್ಚುವವರಿಲ್ಲ, ಒಲೆ ಹೊತ್ತಿಸುವವರಿಲ್ಲ. ಚಂದನಾ ಬರುವುದನ್ನೇ ಕಾದು ಪದ್ದು ನಡುಮನೆಯಲ್ಲಿ ಕೂತಿದ್ದಳು.

“ಆ ಕಾರಿನವನನ್ನ್ ಬಾಗ್ಲಲ್ಲಿ ನಿಲ್ಸಿ ಕಳ್ಸಿದ್ಯಲೆ ಹೆಣೆ. ಅದೇ ಕಂಪನಿಯಾ ಇದ್?”

“ಹೌದ್.”

“ಎಂತಕೆ?”

“ಅಮ್ಮಮ್ಮ, ಒಂಚೂರ್ ಕೇಣ್. ನನ್ನ್ ಸೈಟಿಗೆ ತಿಂಗ್ಳಿಗೆ ನಲವತ್ತ್ ಜನ ಬತ್ತಿದ್ರ್. ಅದ್ರಲ್ಲಿ ನಮ್ಮ ಮನೆಯವ್ರೇ ಐದ್ ಜನ. ಕರೆಂಟ್ ಹೋದ್ರೆ ಸೈಟೂ ಹೋತಿತ್ತ್. ಊರೂರ್ ತಿರ್ಗಿ ಹೇಳ್ದೆ, ಯಾರಿಗ್ ಬೇಕ್ ಹೇಳ್? ಎಲ್ಲ ಆ ದೊಡ್ಡ ಆಪಲ್ಲೇ ಕೇಂಬುದ್. ನಾನ್ ಒಬ್ಳೇ ಎಷ್ಟ್ ದಿನ ಈಜುದ್? ಈಗ ನಿನ್ ದನಿ ದುಬೈಯಲ್ಲೂ ಕೇಂತ್.”

“ನಲವತ್ತ್ ಜನ ಸಾಲ್ಲಿಲ್ಲ ಅಂದ್ ನಂಗ್ ಬಂದ್ ಹೇಳುಕಾಗಿತ್ತಲೆ. ನಾನ್ ಮೂವತ್ತೈದ್ ವರ್ಷ ಬುಟ್ಟಿ ಹೊತ್ತದ್ದ್ ನಲವತ್ತ್ ಮನಿಗೇ.”

ಚಂದನಾ ಬ್ಯಾಗನ್ನು ಹೆಗಲಿನಿಂದ ಇಳಿಸಿ ನೆಲಕ್ಕಿಟ್ಟಳು.

“ಯಾರಿಗೂ ಕೊಡುದಿಲ್ಲ ಅಂದ್ ಕಾಗ್ದ ಓದಿದ್ಯಲೆ?”

“ಆಗ ನಾನ್ ಸುಳ್ಳ್ ಹೇಳ್ಲಿಲ್ಲ ಅಮ್ಮಮ್ಮ. ಕೊಡ್ಕ್ ಅಂದ್ ಇರ್ಲಿಲ್ಲ ಮನ್ಸಲ್ಲಿ.”

“ಕಾಗ್ದದಲ್ಲಿ ಹಾಂಗೇ ಬರ್ದಿತ್ತಾ?”

“...ಎಲ್ಲ ಹಕ್ಕೂ ನಂಗೆ ಅಂದ್ ಬರ್ದಿತ್ತ್. ಕೊಡುದಿಲ್ಲ ಅಂದ್ ನಾನ್ ಬಾಯಲ್ಲಿ ಹೇಳಿದ್ದ್.”

“ಬಚ್ಚಿ ಹೆಬ್ಬೆಟ್ಟ್ ಒತ್ತಿದ್ದ್ ನಿನ್ನ್ ಬಾಯ್ ನಂಬಿ!” ಪದ್ದುವಿನ ದನಿ ಕಿತ್ತುಬಂತು. “ಅದರ ಸೊಲ್ಲ್ ಕತ್ತರ್ಸಿ ಬಿಸಾಡುಕೆ ಕೈ ಹ್ಯಾಂಗ್ ಬಂತ್ ನಿಂಗೆ?”

“ಆಪಿಗೆ ಒಂದೇ ದನಿ ಸಾಕ್ ಅಂದ್ರ್...”

“ತೆಗ್ಸುಕಾತ್ತಾ ಈಗ?”

“ಇಲ್ಲೆ. ಬರ್ದ್ ಕೊಟ್ಟ್ ಆಯ್ತ್.”

ಜಲಜ ನಡುವೆ ಬಂದಳು. “ಅಬ್ಬೆ, ಸಾಕ್ ಮಾಡಿ. ಮದಿ ಹತ್ರ ಬಂತ್. ಗಂಡಿನ ಕಡಿಯವ್ರಿಗ್ ಗೊತ್ತಾದ್ರೆ ಮರ್ಯಾದಿ ಹೋತ್ತ್. ಅದಕ್ಕೇ ಮದಿ ಕಳೀಲಿ ಅಂದೇಳಿ ನಾವ್ ಸುಮ್ನಿದ್ದದ್ದ್...”

ಹೇಳಿದ ಮೇಲೆ ತಾನೇನು ಹೇಳಿದೆ ಎಂದು ಜಲಜಳಿಗೆ ಅರಿವಾಯಿತು. ಪದ್ದು ಮಗಳನ್ನು ನೋಡಿದಳು, ಅಳಿಯನನ್ನು ನೋಡಿದಳು. ಪಾಂಡು ಹೆಗಲ ಮೇಲಿನ ಬೈರಾಸು ಮಡಚುತ್ತ ಕೂತ. ಈ ಮನೆಯಲ್ಲಿ ಗೊತ್ತಿಲ್ಲದವಳು ತಾನೊಬ್ಬಳೇ.

ಅವಳು ಎದ್ದು ಜಗಲಿಗೆ ಹೋದಳು. ಮನೀಷ್ ಅಲ್ಲಿ ವಯರು ಸುತ್ತುತ್ತ ಕೂತಿದ್ದ.

“ನಿಂಗೂ ಗೊತ್ತಿತ್ತಾ?”

“ಗೊತ್ತಿತ್ತ್.”

“ಮತ್ತೆ ಹೇಳುಕೆ ಎಂತ ದಾಡಿ ನಿಂಗೆ? ಏಳ್ ವಾರ ಬಾಲದ ತುಂಡ್ ತಿಂದ್ಯಲಾ ಹೈದ!”

“ಅಕ್ಕನ ಮದಿ ಅಲ್ದಾ ಅಮ್ಮಮ್ಮ,” ಎಂದ ಅವನು. “ನೀ ಅಕ್ಕನ್ ಹತ್ರ ಮಾತ್ ಬಿಟ್ರೆ, ಹಾಡ್ ಹೇಳುದ್ ಯಾರ್ ಅಂದೇಳಿ.”

ಪದ್ದು ಅವನ ತಲೆಯನ್ನು ಎದೆಗೊತ್ತಿಕೊಂಡು ಅತ್ತಳು, ನೆರೆಮನೆಗೆ ಕೇಳುವ ಹಾಗೆ ಅತ್ತಳು. ಆ ದಿನ ಅವನು ಒಲೆಯ ಹತ್ತಿರವೇ ಕೂತು ಉಂಡ. ಮರುದಿನ ಬೆಳಿಗ್ಗೆ ಅವಳು ಬಚ್ಚಿಯ ಮನೆಗೆ ಹೋಗಿ, ಮುತ್ತುವನ್ನೂ ಕರೆಸಿ, ಒಂದೂ ಬಿಡದೆ ಹೇಳಿದಳು. ಬಚ್ಚಿ ಎದ್ದು ಚಾ ಇಟ್ಟಳು.

ಪದ್ದು ಚಂದನಾಳ ಜೊತೆ ಮಾತು ಬಿಡಲಿಲ್ಲ. ಉಂಡ್ಯಾ, ಮಿಂದ್ಯಾ ಎಂದು ಕೇಳುತ್ತಿದ್ದಳು. ಮದುವೆಯ ಅಕ್ಕಿ ಆರಿಸಿದಳು, ಉಪ್ಪಿನಕಾಯಿ ಹಾಕಿದಳು, ತನ್ನ ಕಾಸಿನ ಸರವನ್ನು ತೊಳೆಸಿ ಮೊಮ್ಮಗಳ ಕೊರಳಿಗೆ ತಾನೇ ಹಾಕಿ ನೋಡಿದಳು. ಅಮ್ಮಮ್ಮನ ಸಿಟ್ಟು ಇಳಿದಿದೆ ಎಂದು ಮನೆಯವರು ನಿಟ್ಟುಸಿರು ಬಿಟ್ಟರು.

ಮದುವೆ ಮನೆಯ ಅಂಗಳದಲ್ಲೇ, ಚಪ್ಪರ ಹಾಕಿ. ಧಾರೆಯಾಯಿತು, ಊಟವಾಯಿತು. ಹೆಣ್ಣು ಒಪ್ಪಿಸುವ ಹೊತ್ತಿಗೆ ರತ್ನಾಕರನ ಅಬ್ಬೆ ಬಂದು ನಿಂತಳು. ಚಂದನಾ ತಲೆಯ ಮೇಲೆ ಸೆರಗು ಹೊದ್ದು, ಎಲೆಅಡಿಕೆಯ ಹರಿವಾಣದ ಪಕ್ಕ ನಿಂತಳು. ಬಚ್ಚಿ, ಮುತ್ತು ಪದ್ದುವಿನ ಎರಡೂ ಬದಿಗೆ ಬಂದರು. ಚಪ್ಪರದ ಜನರೆಲ್ಲ ಹತ್ತಿರ ಬಂದು ನಿಂತರು.

ಪದ್ದು ಬಾಯಿ ತೆರೆಯಲಿಲ್ಲ.

“ಅಬ್ಬೆ, ಹಾಡ್,” ಎಂದು ಜಲಜ ಪಿಸುಗುಟ್ಟಿದಳು.

ಚಂದನಾ ತಲೆ ಎತ್ತಿದಳು. “ಅಮ್ಮಮ್ಮ, ಹೇಳ್. ನಿನ್ ಕಾಲ್ ಹಿಡಿತೆ, ಒಂದ್ಸಲ ಹೇಳ್.”

“ಒಬ್ಳಿಗ್ ಒಂದೇ ಸಲ ಹೆಣೆ,” ಎಂದಳು ಪದ್ದು. ದನಿಯಲ್ಲಿ ಸಿಟ್ಟಿರಲಿಲ್ಲ. “ನಿನ್ನ್ ಹೆಸರ್ ಹಿಡ್ದ್ ನಾನ್ ಹೇಳಿ ಆಯ್ದ್. ಅದನ್ನ ಜೋಪಾನ ಮಾಡ್ ಅಂದ್ ನಿನ್ನ್ ಕೈಲೇ ಕೊಟ್ಟಿದ್ದೆ. ಎಲ್ಲಿ ಕೊಟ್ಟಿದ್ಯೋ ಅಲ್ಲೇ ಕೇಣ್.”

ಗಂಡಿನ ಕಡೆಯ ಒಬ್ಬ ಹೆಂಗಸಿಗೆ ಇದರ ತಲೆಬುಡ ತಿಳಿಯಲಿಲ್ಲ. ಮುದುಕಿಗೆ ಗಂಟಲು ಕೆಟ್ಟಿರಬೇಕು ಎಂದುಕೊಂಡು, ಉಪಕಾರ ಮಾಡುವವಳ ಹಾಗೆ ಮೊಬೈಲು ತೆಗೆದು ಹೆಸರು ಒತ್ತಿ ಎತ್ತಿ ಹಿಡಿದಳು. ಪಿಟೀಲು ಬಂತು. ಪದ್ದುವಿನ ದನಿ ಮೊದಲ ಸಾಲು ಹೇಳಿತು. ಸಾಲು ಮುಗಿಯುತ್ತಲೇ ಬಚ್ಚಿ, ಮುತ್ತು ನಲವತ್ತು ವರ್ಷದ ರೂಢಿಯಿಂದ ಸೊಲ್ಲು ಹಿಡಿಯಲು ಬಾಯಿ ತೆರೆದರು. ಮೊಬೈಲಿನ ದನಿ ಅವರಿಗಾಗಿ ನಿಲ್ಲಲಿಲ್ಲ. ಎರಡನೇ ಸಾಲಿಗೆ ಹೋಯಿತು. ಇಬ್ಬರೂ ಬಾಯಿ ಮುಚ್ಚಿ ಪದ್ದುವಿನ ಮುಖ ನೋಡಿದರು.

ಚಂದನಾ ಅದನ್ನು ಕಂಡಳು. “ನಿಲ್ಸಿ ಅದನ್ನ!” ಎಂದು ಕಿರುಚಿದಳು. ಆ ಹೆಂಗಸು ಹೆದರಿ ಮೊಬೈಲನ್ನು ಸೆರಗಿನೊಳಗೆ ತುರುಕಿಕೊಂಡಳು.

ಪದ್ದು ಮುಂದೆ ಬಂದು, ಮೊಮ್ಮಗಳ ಕೈ ಹಿಡಿದು, ರತ್ನಾಕರನ ಅಬ್ಬೆಯ ಕೈಯಲ್ಲಿಟ್ಟು, ಮೇಲೆ ಹಾಲು ನೀರು ಬಿಟ್ಟಳು. ಒಂದು ಮಾತೂ ಇಲ್ಲದೆ ಬಿಟ್ಟಳು. ಚಂದನಾ ಬಿಕ್ಕುತ್ತ ಕಾರು ಹತ್ತಿದಳು. ಆ ಊರಿನಲ್ಲಿ ಹಾಡಿಲ್ಲದೆ ಹೋದ ಮೊದಲ ಹೆಣ್ಣು ಅವಳೇ ಇರಬೇಕು.

ಕಾರು ಹೆದ್ದಾರಿಗೆ ತಿರುಗಿದ ಮೇಲೆ ಮನೀಷ್ ಬಾಕ್ಸುಗಳ ವಯರು ಕಿತ್ತು ಸುತ್ತತೊಡಗಿದ. ಬಚ್ಚಿ ಎಲೆಅಡಿಕೆ ತಂದು ಪದ್ದುವಿನ ಪಕ್ಕ ಕೂತಳು. ಎಲೆಗೆ ಸುಣ್ಣ ಹಚ್ಚುತ್ತ ಮೆಲ್ಲಗೆ ಕೇಳಿದಳು.

“ಹೌದಾ ಪದ್ದು, ಹಾಡ್ ಬಾಯಿಗ್ ಬರ್ಲೇ ಇಲ್ಯಾ?”

“ಬಂದಿತ್ತ್,” ಎಂದಳು ಪದ್ದು. “ನುಂಗ್ದೆ.”